ಹ್ಯಾಮಿಲ್ಟನ್ ಟೈಗರ್ಸ್

ಹ್ಯಾಮಿಲ್ಟನ್ ಟೈಗರ್ಸ್ ಕೆನಡಾದ ಆಂಟೇರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ ನಗರದಲ್ಲಿದ್ದ ವೃತ್ತಿಪರ ಐಸ್ ಹಾಕಿ ತಂಡ. 1920ರಿಂದ 1925ರವರೆಗೆ ಐದು ಋತುಗಳಲ್ಲಿ ಇದು ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) ಆಡಿತು. 1919ರಲ್ಲಿ ಆಲನ್ ಕಪ್ ಗೆದ್ದ ಹ್ಯಾಮಿಲ್ಟನ್ ಟೈಗರ್ಸ್ ಇದಲ್ಲ. ಅದು ಹವ್ಯಾಸಿ ತಂಡ. ಊರಿನ ಫುಟ್‌ಬಾಲ್ ತಂಡಕ್ಕೂ ಇದೇ ಹೆಸರಿದ್ದುದರಿಂದ ಮೂರನ್ನೂ ಬೆರೆಸಿ ಬರೆಯುವುದುಂಟು.

1919–20ರಲ್ಲಿ 24 ಪಂದ್ಯಗಳ ಪೈಕಿ ನಾಲ್ಕನ್ನಷ್ಟೇ ಗೆದ್ದ ಕ್ವಿಬೆಕ್ ಬುಲ್‌ಡಾಗ್ಸ್ ತಂಡದ ಫ್ರಾಂಚೈಸಿಯನ್ನು ಹ್ಯಾಮಿಲ್ಟನ್ನಿನ ಆಬ್ಸೊ-ಪ್ಯೂರ್ ಎಂಬ ಐಸ್ ಕಂಪನಿ ಕೊಂಡಿತು. ಪರ್ಸಿ ಥಾಂಪ್ಸನ್ ವ್ಯವಸ್ಥಾಪಕರಾದರು. ಲೀಗ್‌ಗೂ ಈ ಊರು ಬೇಕಿತ್ತು: ಎಡ್ಡಿ ಲಿವಿಂಗ್‌ಸ್ಟನ್ ಕಟ್ಟಲು ಹೊರಟಿದ್ದ ಪ್ರತಿಸ್ಪರ್ಧಿ ಲೀಗ್‌ಗೆ ಹ್ಯಾಮಿಲ್ಟನ್ ದಕ್ಕಬಾರದಿತ್ತು. 1920ರ ಡಿಸೆಂಬರ್ 22ರ ಮೊದಲ ಪಂದ್ಯದಲ್ಲಿ ಟೈಗರ್ಸ್ ಮಾಂಟ್ರಿಯಲ್ ಕೆನಡಿಯನ್ಸ್ ತಂಡವನ್ನು 5–0ರಿಂದ ಸೋಲಿಸಿತು. ಎರಡು ಗೋಲು ಹೊಡೆದ ಬೇಬ್ ಡೈ ಟೊರಾಂಟೊದಿಂದ ಎರವಲು ಬಂದವರು. ಆ ಒಂದೇ ಪಂದ್ಯದ ನಂತರ ಟೊರಾಂಟೊ ಅವರನ್ನು ವಾಪಸು ಕರೆಸಿಕೊಂಡಿತು. ಕ್ವಿಬೆಕ್‌ನಿಂದ ಬಂದ ಜೋ ಮೆಲೋನ್ ಆ ಋತುವಿನಲ್ಲಿ 28 ಗೋಲು ಗಳಿಸಿದರೂ ತಂಡ ಕೊನೆಯ ಸ್ಥಾನದಲ್ಲೇ ಉಳಿಯಿತು. ಮುಂದಿನ ಮೂರು ಋತುಗಳಲ್ಲೂ ಅದೇ ಸ್ಥಾನ.

1923ರಲ್ಲಿ ಸಡ್‌ಬರಿಯಿಂದ ಬಂದ ಗ್ರೀನ್ ಸಹೋದರರಾದ ರೆಡ್ ಮತ್ತು ಶಾರ್ಟಿ, ಸೆಂಟರ್ ಆಟಗಾರ ಬಿಲ್ಲಿ ಬರ್ಚ್ ಹಾಗೂ ಗೋಲ್‌ಕೀಪರ್ ಜೇಕ್ ಫೋರ್ಬ್ಸ್ ಸೇರಿ ತಂಡದ ದೆಸೆ ಬದಲಿಸಿದರು. 1924–25ರಲ್ಲಿ 19 ಗೆಲುವು, 10 ಸೋಲು, ಒಂದು ಡ್ರಾ; 39 ಅಂಕಗಳೊಂದಿಗೆ ಮೊದಲ ಸ್ಥಾನ. ಟೊರಾಂಟೊ ಸೇಂಟ್ ಪ್ಯಾಟ್ಸ್ ಒಂದೇ ಅಂಕ ಹಿಂದಿತ್ತು. ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಬರ್ಚ್ ಪಾಲಾಯಿತು.

ಇದರ ಬೆನ್ನಿಗೇ ಮುಷ್ಕರ. ಬಾಸ್ಟನ್ ಬ್ರೂಯಿನ್ಸ್ ಮತ್ತು ಮಾಂಟ್ರಿಯಲ್ ಮರೂನ್ಸ್ ಸೇರ್ಪಡೆಯಾದ ಆ ವರ್ಷ ಲೀಗ್ ಪ್ರತಿ ತಂಡದ ಪಂದ್ಯಗಳನ್ನು 24ರಿಂದ 30ಕ್ಕೆ ಏರಿಸಿತ್ತು; ಹೆಚ್ಚಿನ ಆರು ಪಂದ್ಯಗಳಿಗೆ ಸಂಬಳ ಮಾತ್ರ ಏರಲಿಲ್ಲ. ತಲಾ 200 ಡಾಲರ್ ಕೊಡದಿದ್ದರೆ ಪ್ಲೇಆಫ್ ಆಡುವುದಿಲ್ಲ ಎಂದು ನಾಯಕ ಶಾರ್ಟಿ ಗ್ರೀನ್ ನೇತೃತ್ವದಲ್ಲಿ ಆಟಗಾರರು ಪಟ್ಟು ಹಿಡಿದರು. ಒಪ್ಪಂದದ ಅವಧಿ ಮಾರ್ಚ್ ಕೊನೆಯವರೆಗೂ ಇದೆ, ಪಂದ್ಯಗಳ ಲೆಕ್ಕ ಅದಕ್ಕೆ ಸಂಬಂಧಿಸಿದ್ದಲ್ಲ ಎಂಬುದು ಆಡಳಿತದ ವಾದ. ಲೀಗ್ ಅಧ್ಯಕ್ಷ ಫ್ರಾಂಕ್ ಕಾಲ್ಡರ್ ಆಟಗಾರರನ್ನು ಅಮಾನತು ಮಾಡಿ, ಅವರು ಕೇಳಿದಷ್ಟೇ ಮೊತ್ತವನ್ನು, ಅಂದರೆ ತಲಾ 200 ಡಾಲರನ್ನು, ದಂಡವಾಗಿ ವಿಧಿಸಿದರು. ಎರಡು ಮತ್ತು ಮೂರನೇ ಸ್ಥಾನದ ತಂಡಗಳ ಸೆಣಸಾಟದಲ್ಲಿ ಗೆದ್ದ ಕೆನಡಿಯನ್ಸ್ ಲೀಗ್ ಚಾಂಪಿಯನ್ ಎನಿಸಿತು. ಸ್ಟ್ಯಾನ್ಲಿ ಕಪ್ ಅಂತಿಮ ಸರಣಿಯಲ್ಲಿ ಅದು ವಿಕ್ಟೋರಿಯಾ ಕೂಗರ್ಸ್‌ಗೆ ಸೋತಿತು. ಪಟ್ಟಿಯ ಅಗ್ರಸ್ಥಾನದಲ್ಲಿದ್ದ ಟೈಗರ್ಸ್ ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಆಡಲಿಲ್ಲ.

ಕಳ್ಳಸಾಗಣೆ ಮದ್ಯದಿಂದ ಹಣ ಮಾಡಿದ್ದ ನ್ಯೂಯಾರ್ಕಿನ ಬಿಲ್ ಡ್ವಯರ್ ಆಟಗಾರರ ಹಕ್ಕನ್ನು 75,000 ಡಾಲರ್‌ಗೆ ಕೊಂಡು ನ್ಯೂಯಾರ್ಕ್ ಅಮೆರಿಕನ್ಸ್ ತಂಡ ಕಟ್ಟಿದರು. ಕ್ಷಮೆ ಕೇಳಿದ ಮೇಲಷ್ಟೇ ಆಟಗಾರರ ಅಮಾನತು ತೆರವಾಯಿತು. 1925ರ ಡಿಸೆಂಬರ್ 15ರಂದು ಹೊಸ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಮೊದಲ ಎನ್‌ಎಚ್‌ಎಲ್ ಪಂದ್ಯದಲ್ಲಿ ಮೊದಲ ಗೋಲು ಹೊಡೆದವರು ಅದೇ ಶಾರ್ಟಿ ಗ್ರೀನ್.

ಹೀಗಾಗಿ ಕ್ವಿಬೆಕ್, ಹ್ಯಾಮಿಲ್ಟನ್, ನ್ಯೂಯಾರ್ಕ್ ಮೂರೂ ಒಂದೇ ತಂಡದ ಸರಣಿ ಎಂದು ಹಲವು ಬರಹಗಳು ಹೇಳುತ್ತವೆ. ಆದರೆ ನ್ಯೂಯಾರ್ಕಿಗೆ ಹೋದದ್ದು ಆಟಗಾರರು, ಫ್ರಾಂಚೈಸಿಯಲ್ಲ. ಹ್ಯಾಮಿಲ್ಟನ್ನಿನ ಸದಸ್ಯತ್ವ ರದ್ದಾಗಿತ್ತು. ಲೀಗ್ ಕೂಡ ಅಮೆರಿಕನ್ಸ್ ತಂಡವನ್ನು ಟೈಗರ್ಸ್‌ನ ಮುಂದುವರಿಕೆ ಎಂದು ಗಣಿಸುವುದಿಲ್ಲ. ಅಮೆರಿಕನ್ಸ್ 1942ರಲ್ಲಿ ನಿಂತುಹೋಯಿತು.

ಹ್ಯಾಮಿಲ್ಟನ್‌ಗೆ ಎನ್‌ಎಚ್‌ಎಲ್ ಮರಳಿಲ್ಲ. 1990ರ ವಿಸ್ತರಣೆಯಲ್ಲಿ ಸ್ಥಾನಗಳು ಒಟ್ಟಾವಾ ಮತ್ತು ಟ್ಯಾಂಪಾ ಬೇಗೆ ಹೋದವು. ಫೀನಿಕ್ಸ್ ಕಯೋಟೀಸ್ ತಂಡವನ್ನು ಹ್ಯಾಮಿಲ್ಟನ್‌ಗೆ ಒಯ್ಯುವ ಉದ್ಯಮಿ ಜಿಮ್ ಬಾಲ್ಸಿಲಿ ಅವರ ಯತ್ನ 2009ರಲ್ಲಿ ಅಮೆರಿಕದ ದಿವಾಳಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು.