ಗಣಕಯಂತ್ರದ ಪದಕೋಶ: ಅದರ ಪೂರ್ವೋತ್ತರ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಪಂಪ ರನ್ನರನ್ನೂ ಪುಲಿಕೇಶಿ ಕೃಷ್ಣದೇವರಾಯರನ್ನೂ ಸ್ಮರಿಸುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಅವರನ್ನು ಕುರಿತು ಬರೆಯಬಲ್ಲ ವಿದ್ವಾಂಸರು ಪುಣೆಯ ಕನ್ನಡಿಗರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಬ್ಯಾಂಕಿನ ಗುಮಾಸ್ತೆಗಿರಿಯಲ್ಲಿ ದಿನ ಕಳೆಯುವ ನಮ್ಮಂಥವರಿಗೆ ಆ ಅಧಿಕಾರವಿಲ್ಲ. ನಮಗೆ ತಿಳಿದದ್ದು ಲೆಕ್ಕ ಬರೆಯುವುದು, ಬರೆದದ್ದನ್ನು ತಾಳೆ ನೋಡುವುದು. ಶಬ್ದಗಳಿಗೂ ಹೀಗೆ ಲೆಕ್ಕ ಬರೆದವರುಂಟು. ಗಣಕಯಂತ್ರದ ಪರಿಭಾಷೆಯನ್ನು ಪಟ್ಟಿಮಾಡಿ, ಅರ್ಥವನ್ನು ನಿಶ್ಚಯಿಸಿ, ಕಾಲಕಾಲಕ್ಕೆ ತಿದ್ದುತ್ತ ಬಂದ ಅಂಥವರ ಕಥೆಯನ್ನು ಓದುಗರ ಮುಂದಿಡಲು ಧೈರ್ಯಮಾಡಿದ್ದೇವೆ.

ಮೊದಲು ಯಂತ್ರದ ಹೆಸರನ್ನೇ ತೆಗೆದುಕೊಳ್ಳೋಣ. ಕಂಪ್ಯೂಟರ್ ಎಂಬ ಇಂಗ್ಲಿಷ್ ಶಬ್ದ ಯಂತ್ರಕ್ಕೆ ಸಲ್ಲುವ ಮುನ್ನ ಬಹುಕಾಲ ಮನುಷ್ಯನಿಗೆ ಸಲ್ಲುತ್ತಿತ್ತು. ಹದಿನೇಳನೆಯ ಶತಮಾನದಿಂದಲೂ ಕೂಡಿ ಕಳೆದು ಲೆಕ್ಕಮಾಡುವವನಿಗೆ ಆ ಹೆಸರಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫಿರಂಗಿಗುಂಡಿನ ಹಾದಿಯನ್ನು ಗುಣಿಸಿ ಕೋಷ್ಟಕ ಬರೆಯುತ್ತಿದ್ದ ಅಮೆರಿಕದ ಹೆಣ್ಣುಮಕ್ಕಳ ಹುದ್ದೆಯ ಹೆಸರೂ ಅದೇ. ನಮ್ಮ ಗಣಕ ಎಂಬ ಶಬ್ದದ ಗತಿಯೂ ಇದೇ ಎಂಬುದು ಸೋಜಿಗದ ಸಂಗತಿ. ಹಳೆಯ ನಿಘಂಟುಗಳಲ್ಲಿ ಗಣಕನೆಂದರೆ ಲೆಕ್ಕಿಗ, ಇಲ್ಲವೆ ಜೋಯಿಸ. ಇಂದು ಆ ಹೆಸರು ಯಂತ್ರಕ್ಕೆ ಸಂದಿದೆ. ಲೆಕ್ಕಿಗನ ಹೆಸರನ್ನು ಮಾತ್ರವಲ್ಲದೆ ಕೆಲಸವನ್ನೂ ಯಂತ್ರ ಕಿತ್ತುಕೊಂಡಿತೆಂದು ನಮ್ಮ ಶಾಖೆಯ ಹಿರಿಯರೊಬ್ಬರು ಹೇಳುವುದುಂಟು. ಅದು ಬೇರೆ ಮಾತು.

ಕಥೆ ಮೊದಲಾಗುವುದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿ ೧೯೪೪ರಲ್ಲಿ ಐವತ್ತೊಂದು ಅಡಿ ಉದ್ದದ ಮಾರ್ಕ್ ಒನ್ ಎಂಬ ಲೆಕ್ಕದ ಯಂತ್ರ ಕೆಲಸಕ್ಕೆ ತೊಡಗಿತು. ಗಣಿತದ ಅಧ್ಯಾಪಿಕೆಯಾಗಿದ್ದು ಯುದ್ಧಕಾಲದಲ್ಲಿ ನೌಕಾದಳಕ್ಕೆ ಸೇರಿದ ಗ್ರೇಸ್ ಹಾಪರ್ ಎಂಬಾಕೆ ಅಲ್ಲಿಗೆ ಬಂದರು. ಯಂತ್ರದ ನಿರ್ಮಾತೃವಾದ ಹೋವರ್ಡ್ ಐಕನ್ ಅವರ ಆಣತಿಯಂತೆ, ಆ ಯಂತ್ರವನ್ನು ನಡೆಸುವ ಬಗೆಯನ್ನು ವಿವರಿಸುವ ಕೈಪಿಡಿಯ ಹೆಚ್ಚಿನ ಭಾಗವನ್ನು ಆಕೆಯೇ ಬರೆದರು. ೧೯೪೬ರಲ್ಲಿ ಅಚ್ಚಾದ ಆ ಗ್ರಂಥ ಐನೂರು ಪುಟಗಳನ್ನು ಮೀರಿತ್ತು. ಅದುವರೆಗೆ ಯಾರೂ ಹೆಸರಿಡದಿದ್ದ ಕ್ರಿಯೆಗಳನ್ನು ಸಾವಿರಾರು ವಾಕ್ಯಗಳಲ್ಲಿ ಹೇಳಬೇಕಾಗಿ ಬಂದಾಗ ಒಂದೇ ಸಂಗತಿಗೆ ಒಂದು ಪುಟದಲ್ಲಿ ಒಂದು ಶಬ್ದ, ಇನ್ನೊಂದು ಪುಟದಲ್ಲಿ ಇನ್ನೊಂದು ಶಬ್ದ ಬಂದರೆ ಓದಿದವನು ಯಂತ್ರವನ್ನು ಕೆಡಿಸುತ್ತಾನೆ. ಕೈಪಿಡಿ ಬರೆದವರಿಗೆ ಪದಕೋಶದ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರುತ್ತದೆ.

ಆಗಿನ ಸ್ಥಿತಿ ಹೇಗಿತ್ತೆಂದರೆ, ಯಂತ್ರವು ಅಂಕಿಗಳನ್ನು ಇರಿಸಿಕೊಳ್ಳುವ ಭಾಗಕ್ಕೆ ಫಾನ್ ನಾಯ್ಮನ್ನರು ೧೯೪೫ರ ತಮ್ಮ ವರದಿಯಲ್ಲಿ ಮೆಮರಿ ಎಂದರು. ಇಂಗ್ಲೆಂಡಿನವರು ಸ್ಟೋರ್ ಎಂದರು. ಐಬಿಎಂ ಸಂಸ್ಥೆಯವರು ಸ್ಟೋರೇಜ್ ಎಂದರು. ಒಂದು ಪ್ರಯೋಗಶಾಲೆಯವರು ಬರೆದದ್ದನ್ನು ಇನ್ನೊಂದರವರು ಓದಿ ತಿಳಿಯಬೇಕಾದರೆ ನಡುವೆ ದುಭಾಷಿ ಬೇಕಾಗಿತ್ತು. ೧೯೪೭ರಲ್ಲಿ ಹುಟ್ಟಿದ ಎಸಿಎಂ ಎಂಬ ಗಣಕಯಂತ್ರಜ್ಞರ ಸಂಘ ಇದಕ್ಕಾಗಿ ನಾಮಕರಣ ಸಮಿತಿಯೊಂದನ್ನು ನೇಮಿಸಿ, ಹಾಪರ್ ಅವರನ್ನು ಅಧ್ಯಕ್ಷೆಯನ್ನಾಗಿ ಮಾಡಿತು. ಆ ಸಮಿತಿ ೧೯೫೪ರ ಜೂನ್ ತಿಂಗಳಲ್ಲಿ ಸಲ್ಲಿಸಿದ ವರದಿಯ ಹೆಸರು ‘ಪ್ರೋಗ್ರಾಮಿಂಗ್ ಪರಿಭಾಷೆಯ ಮೊದಲನೆಯ ಪದಕೋಶ’. ಮೊದಲನೆಯದು ಎಂಬ ಮಾತನ್ನು ಗಮನಿಸಬೇಕು. ಎರಡನೆಯದು ಬರಲೇಬೇಕೆಂದು ಬರೆಯುವಾಗಲೇ ಅವರಿಗೆ ಗೊತ್ತಿತ್ತು.

ಎರಡನೆಯದು ಏಕೆ ಬೇಕೆಂಬುದಕ್ಕೆ ಹಾಪರ್ ಅವರ ಸ್ವಂತ ಶಬ್ದವೇ ನಿದರ್ಶನ. ೧೯೫೨ರಲ್ಲಿ ಆಕೆ ತಾವು ರಚಿಸಿದ ಒಂದು ಕ್ರಮವಿಧಿಗೆ ಕಂಪೈಲರ್ ಎಂದು ಹೆಸರಿಟ್ಟರು. ಅದರ ಅಂದಿನ ಅರ್ಥ ಸಂಕಲನಕಾರ: ಬಿಡಿಬಿಡಿಯಾದ ಉಪವಿಧಿಗಳನ್ನು ಒಂದೆಡೆ ಸೇರಿಸಿ ಜೋಡಿಸುವಂಥದು. ಕೆಲವೇ ವರ್ಷಗಳಲ್ಲಿ ಅದೇ ಶಬ್ದಕ್ಕೆ ಅನುವಾದಕ ಎಂಬ ಅರ್ಥ ಬಲಿಯಿತು. ಮನುಷ್ಯನಿಗೆ ತಿಳಿಯುವ ಸೂತ್ರಭಾಷೆಯನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದು ಕಂಪೈಲರಿನ ಕೆಲಸವೆಂದಾಯಿತು. ಶಬ್ದ ಅದೇ ಇದ್ದು ಒಳಗಿನ ಸರಕು ಬದಲಾದಾಗ ಪದಕೋಶವನ್ನು ತಿದ್ದದೆ ಬಿಟ್ಟರೆ ಅದು ಸುಳ್ಳು ಲೆಕ್ಕವಾಗುತ್ತದೆ.

ಸುಳ್ಳು ಲೆಕ್ಕದ ಮಾತು ಬಂದುದರಿಂದ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆವು. ಬೈಟ್ ಎಂಬ ಶಬ್ದವನ್ನು ೧೯೫೬ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಖ್‌ಹೋಲ್ಟ್ಸ್ ಟಂಕಿಸಿದರು. ಬಿಟ್ ಎಂಬುದರೊಡನೆ ಕಣ್ತಪ್ಪಿನಿಂದ ಬೆರೆತುಹೋಗದಿರಲೆಂದು ಅದರ ಕಾಗುಣಿತವನ್ನೂ ಬೇಕೆಂದೇ ಬದಲಿಸಿದರು. ಇಷ್ಟು ಎಚ್ಚರಿಕೆಯಿಂದ ಹುಟ್ಟಿದ ಶಬ್ದಕ್ಕೆ ಕಿಲೋ ಎಂಬ ಪೂರ್ವಪದ ಸೇರಿದಾಗ ಏನಾಯಿತೆಂದರೆ, ಕೆಲವರು ಅದನ್ನು ೧೦೦೦ ಎಂದೂ ಕೆಲವರು ೧೦೨೪ ಎಂದೂ ಎಣಿಸಹತ್ತಿದರು! ಸಾವಿರಕ್ಕೆ ಇಪ್ಪತ್ನಾಲ್ಕರ ವ್ಯತ್ಯಾಸವನ್ನು ಯಾವ ಬ್ಯಾಂಕಿನ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ೧೯೯೮ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಂತ್ರ ಆಯೋಗವು ೧೦೨೪ಕ್ಕೆ ಕಿಬಿ ಎಂಬ ಹೊಸ ಹೆಸರನ್ನು ಕೊಟ್ಟಿತು. ಕೊಟ್ಟದ್ದೇನೋ ಸರಿಯೆ, ಬಳಸುವವರು ಇಂದಿಗೂ ಸ್ವಲ್ಪ ಮಂದಿ.

ತರುವಾಯ ಪದಕೋಶಗಳು ಬೆಳೆದವು. ಐಎಫ್‌ಐಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ್ದು ೧೯೬೬ರಲ್ಲಿ ಬಂತು. ಐಎಸ್‌ಒ ಸಂಸ್ಥೆಯು ಭಾಗಭಾಗವಾಗಿ ಪ್ರಕಟಿಸುತ್ತ ಬಂದ ಶಬ್ದಾವಳಿಯನ್ನು ೨೦೧೫ರಲ್ಲಿ ಒಟ್ಟುಗೂಡಿಸಿತು. ಇವೆಲ್ಲವುಗಳಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಐಇಇಇ ಎಂಬ ಎಂಜಿನಿಯರರ ಸಂಸ್ಥೆ ೧೯೮೩ರಲ್ಲಿ ಹೊರಡಿಸಿ ೧೯೯೦ರಲ್ಲಿ ತಿದ್ದಿ ಬರೆದ ತಂತ್ರಾಂಶಶಾಸ್ತ್ರದ ಪದಕೋಶ. ಅದರಲ್ಲಿ ತಪ್ಪು ಎಂಬ ಒಂದು ವಿಷಯವನ್ನು ಬಿಡಿಸಿರುವ ಕ್ರಮ ನೋಡತಕ್ಕದ್ದಾಗಿದೆ. ಮನುಷ್ಯನು ಮಾಡುವುದು ಒಂದು, ಅದರಿಂದ ಕ್ರಮವಿಧಿಯಲ್ಲಿ ಉಳಿಯುವುದು ಇನ್ನೊಂದು, ಅದರಿಂದ ಹೊರಗೆ ಕಾಣುವ ಕೇಡು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಹೆಸರು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಗುಮಾಸ್ತನು ೫೧೦೦ ಎಂಬಲ್ಲಿ ೧೫೦೦ ಎಂದು ಬರೆದದ್ದು ತಪ್ಪು. ಪುಟದಲ್ಲಿ ಕುಳಿತಿರುವ ಆ ೧೫೦೦ ದೋಷ. ತಿಂಗಳ ಮೇಲೆ ಗಿರಾಕಿಯ ಚೆಕ್ಕು ಹಣವಿಲ್ಲವೆಂದು ಹಿಂದಿರುಗಿದ್ದು ವೈಫಲ್ಯ. ತಪ್ಪು ನಡೆದು ಎಷ್ಟೋ ದಿನ ವೈಫಲ್ಯ ಕಾಣಿಸದಿರಬಹುದು. ದೋಷವಿದ್ದೂ ಅದು ಎಂದೆಂದೂ ಹೊರಬೀಳದೆ ಇರಬಹುದು. ಕನ್ನಡದ ತಂತ್ರಾಂಶಗಳಲ್ಲಿ ಈ ಮೂರಕ್ಕೂ ದೋಷ ಎಂಬ ಒಂದೇ ಶಬ್ದವನ್ನು ಹಚ್ಚಿರುವುದನ್ನು ಹಲವೆಡೆ ಕಂಡಿದ್ದೇವೆ. ಶಬ್ದದ ಬಡತನ ಇದಕ್ಕೆ ಕಾರಣವಲ್ಲ. ಮೂರೂ ಶಬ್ದಗಳು ನಮ್ಮಲ್ಲಿವೆ. ಬೇರ್ಪಡಿಸುವ ಕೆಲಸವನ್ನು ಯಾರೂ ಕುಳಿತು ಮಾಡಿಲ್ಲ, ಅಷ್ಟೆ.

ಇನ್ನೊಂದು ಪುಟ್ಟ ಪದಕೋಶವುಂಟು. ಅಂತರಜಾಲದ ನಿಯಮಗಳನ್ನು ಬರೆಯುವವರಿಗಾಗಿ ಸ್ಕಾಟ್ ಬ್ರಾಡ್ನರ್ ಎಂಬವರು ೧೯೯೭ರಲ್ಲಿ ಬರೆದದ್ದು. ಅದರಲ್ಲಿರುವ ಶಬ್ದಗಳು ಹತ್ತಕ್ಕಿಂತ ಹೆಚ್ಚಿಲ್ಲ. ಅವೂ ಮಸ್ಟ್, ಷುಡ್, ಮೇ ಎಂಬಂಥ ಸಹಾಯಕ ಪದಗಳು. ಇಷ್ಟು ಸಾಮಾನ್ಯವಾದ ಮಾತಿಗೆ ಪದಕೋಶವೇಕೆ ಎನ್ನಬಹುದು. ಆದರೆ ಒಬ್ಬನು ಕಡ್ಡಾಯವೆಂದು ಬರೆದದ್ದನ್ನು ಇನ್ನೊಬ್ಬನು ಸಲಹೆಯೆಂದು ಓದಿದರೆ ಎರಡು ಯಂತ್ರಗಳು ಒಂದರೊಡನೊಂದು ಮಾತಾಡಲಾರವು. ಈ ವಿಷಯದಲ್ಲಿ ಕನ್ನಡ ಸೋತಿಲ್ಲ. ನಮ್ಮ ಕಾಯಿದೆಯ ಕನ್ನಡದಲ್ಲಿ ‘ಮಾಡತಕ್ಕದ್ದು’ ಎಂಬುದು ಕಡ್ಡಾಯ, ‘ಮಾಡಬಹುದು’ ಎಂಬುದು ಐಚ್ಛಿಕ ಎಂದು ರೂಢಿಯಾಗಿದೆ. ನಡುವಣ ಷುಡ್ ಎಂಬುದಕ್ಕೆ, ಅಂದರೆ ತಕ್ಕ ಕಾರಣವಿದ್ದರೆ ಮಾತ್ರ ಬಿಡಬಹುದಾದದ್ದಕ್ಕೆ, ‘ಮಾಡುವುದು ಯುಕ್ತ’ ಎಂದರೆ ಸಾಕೆಂದು ನಮಗೆ ತೋರುತ್ತದೆ. ‘ಮಾಡಬೇಕು’ ಎಂಬುದು ಇಲ್ಲಿ ಅಪಾಯಕರ; ಅದು ಅಪ್ಪಣೆಯೂ ಹೌದು, ಬುದ್ಧಿವಾದವೂ ಹೌದು.

ಪರಭಾಷೆಯ ಶಬ್ದವನ್ನು ಹೊರಗಿಟ್ಟು ಸ್ವಂತದ್ದನ್ನು ಸ್ಥಾಪಿಸುವುದರಲ್ಲಿ ಗೆದ್ದವರು ಫ್ರೆಂಚರು. ೧೯೫೫ರಲ್ಲಿ ಫ್ರಾನ್ಸಿನ ಐಬಿಎಂ ಶಾಖೆಯವರು ಹೆಸರು ಕೇಳಿದಾಗ ಲ್ಯಾಟಿನ್ ಪಂಡಿತ ಜಾಕ್ ಪೆರೆ ಅವರು ಆರ್ಡಿನಾಟರ್ ಎಂಬ ಹಳೆಯ ಶಬ್ದವನ್ನು ಸೂಚಿಸಿದರು. ಜಗತ್ತನ್ನು ಕ್ರಮಗೊಳಿಸುವ ದೇವರಿಗೆ ಹಿಂದೆ ಸಲ್ಲುತ್ತಿದ್ದ ಶಬ್ದವದು. ಜನ ಅದನ್ನೇ ಇಂದಿಗೂ ಆಡುತ್ತಾರೆ.

ಸೋತವರ ಕಥೆಗೆ ದೂರ ಹೋಗಬೇಕಾಗಿಲ್ಲ. ನಾವು ನೆಲಸಿರುವ ಈ ಮಹಾರಾಷ್ಟ್ರದಲ್ಲೇ ಇದೆ. ಶಿವಾಜಿ ಮಹಾರಾಜರ ಕಾಲದಲ್ಲಿ ರಘುನಾಥ ಪಂಡಿತರು ರಾಜವ್ಯವಹಾರಕೋಶವನ್ನು ರಚಿಸಿ, ಆಡಳಿತದಲ್ಲಿ ಬಳಕೆಯಲ್ಲಿದ್ದ ಸಾವಿರಕ್ಕೂ ಮಿಕ್ಕ ಪಾರಸಿ ಅರಬ್ಬಿ ಶಬ್ದಗಳಿಗೆ ಸಂಸ್ಕೃತ ಸಮಾನಪದಗಳನ್ನು ಕೊಟ್ಟರು. ಸೋತವರೆಂದುದು ಅಷ್ಟು ನ್ಯಾಯವಲ್ಲವೇನೋ. ರಾಜಮುದ್ರೆಯ ಮಟ್ಟದಲ್ಲಿ ಅದರ ಪ್ರಭಾವ ಉಂಟು. ಆದರೆ ಅಂಗಡಿಯ ಗಲ್ಲೆಯ ಮೇಲೆ ಅದು ನಡೆಯಲಿಲ್ಲ. ಜಮಾ, ಖರ್ಚು, ಕಿರ್ದಿ, ಖತಾವಣಿ, ಶಿಲ್ಕು, ವಸೂಲು ಇವು ಮರಾಠಿಯಲ್ಲೂ ಉಳಿದವು, ಗಡಿ ದಾಟಿ ನಮ್ಮ ಕನ್ನಡದಲ್ಲೂ ಬೇರೂರಿದವು. ದಿನಬೆಳಗಾದರೆ ಕೈ ಬಳಸುವ ಶಬ್ದವನ್ನು ಕೋಶದ ಬಲದಿಂದ ಕೀಳುವುದು ರಾಜರಿಗೂ ಕಷ್ಟವೇ.

ಇನ್ನು ಕನ್ನಡದ ಮಾತು. ಕಿಟ್ಟೆಲ್ ಅವರ ೧೮೯೪ರ ನಿಘಂಟಿನಿಂದ ಮೊದಲುಮಾಡಿ, ೧೯೪೬ರ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು, ೧೯೯೫ರಲ್ಲಿ ಎಂಟನೆಯ ಸಂಪುಟದೊಡನೆ ಮುಗಿದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಹೀಗೆ ನಮ್ಮ ಕೋಶಪರಂಪರೆ ದೊಡ್ಡದು. ಗಣಕಯಂತ್ರಕ್ಕೆ ಸಂಬಂಧಿಸಿದಂತೆ ತಂತ್ರಾಂಶ, ಯಂತ್ರಾಂಶ, ದತ್ತಾಂಶ, ಅಂತರಜಾಲ, ಗುಪ್ತಪದ ಮುಂತಾದವು ಪತ್ರಿಕೆಗಳ ಮೂಲಕ ಹಬ್ಬಿವೆ. ಇವೆಲ್ಲಕ್ಕಿಂತ ನಮಗೆ ಪ್ರಿಯವಾದುದು ಫೈಲ್ ಎಂಬುದಕ್ಕೆ ಸಂದಿರುವ ಕಡತ. ಕಡತವೆಂದರೆ ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ವರ್ತಕರೂ ಶಾನುಭೋಗರೂ ಅದನ್ನು ಬಳಸುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರವಾಗಿವೆ. ಬರೆದದ್ದನ್ನು ಒರಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಯಂತ್ರದ ಕಡತದ ಗುಣವೂ ಅದೇ ಅಲ್ಲವೆ? ಕಾಗದದ ಫೈಲಿಗಿಂತ ಕಡತವೇ ಈ ವಸ್ತುವಿಗೆ ಹತ್ತಿರ.

ಎಲ್ಲ ಶಬ್ದಗಳಿಗೂ ಇಂಥ ಭಾಗ್ಯವಿಲ್ಲ. ಈ-ಮೇಲ್ ಎಂಬುದನ್ನು ಮಿಂಚಂಚೆ, ವಿ-ಅಂಚೆ, ಗಣಕಾಂಚೆ ಎಂದು ಬಗೆಬಗೆಯಾಗಿ ಬರೆದರು. ಜನ ಈಮೇಲ್ ಎಂದೇ ಉಳಿಸಿಕೊಂಡರು. ಈ ಗೊಂದಲವನ್ನು ನೀಗಲು ನಮ್ಮ ಪುಣೆಯಲ್ಲಿ ನಡೆದ ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ೨೦೦೮ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಭಾಷಾಂತರಕಾರರು ಫ್ಯೂಯೆಲ್ ಎಂಬ ಯೋಜನೆಯನ್ನು ಹೂಡಿದರು. ತೆರೆಯ ಮೇಲೆ ಹೆಚ್ಚಾಗಿ ಕಾಣಿಸುವ ಶಬ್ದಗಳನ್ನಷ್ಟೇ ಆರಿಸಿ, ಆ ಭಾಷೆಯವರು ಒಂದೆಡೆ ಕುಳಿತು ಒಂದೊಂದನ್ನೂ ಚರ್ಚಿಸಿ, ಎಲ್ಲ ತಂತ್ರಾಂಶಗಳಿಗೂ ಸಮವಾದ ಪಟ್ಟಿ ಮಾಡುವುದು ಅದರ ಕ್ರಮ. ಹಿಂದಿಯಿಂದ ಮೊದಲಾಗಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಅದು ವ್ಯಾಪಿಸಿತು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ನಮ್ಮ ಪಟ್ಟಿಗಳಲ್ಲಿ ಹೆಚ್ಚಿನವು ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಕನ್ನಡ ಶಬ್ದ, ಇಷ್ಟೇ. ಹಾಪರ್ ಅವರ ಸಮಿತಿ ಮಾಡಿದ್ದು ಈ ಕೆಲಸವಲ್ಲ. ಆ ಸಮಿತಿಯವರಿಗೆ ಶಬ್ದಗಳು ಮೊದಲೇ ಇದ್ದವು; ಅವರು ಬರೆದದ್ದು ಅರ್ಥವನ್ನು. ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಕಂಪ್ಯೂಟರ್ ತಂತ್ರಜ್ಞಾನದ ಪದವಿವರಣ ಕೋಶವೊಂದನ್ನು ಹೊರತಂದು ಈ ದಾರಿಯಲ್ಲಿ ಒಳ್ಳೆಯ ಹೆಜ್ಜೆ ಇಟ್ಟಿದೆ. ಆದರೆ ಬ್ಯಾಂಕಿನ ತಂತ್ರಾಂಶಕ್ಕೆ ಅರ್ಥ ಬರೆದ ಕೋಶವನ್ನು ನಾವು ಕಂಡಿಲ್ಲ.

ಅದರ ಫಲವನ್ನು ಉಣ್ಣುವವರು ಗಿರಾಕಿಗಳು. ಬ್ಯಾಲೆನ್ಸ್ ಎಂಬುದನ್ನು ಕನ್ನಡ ಪರದೆಯಲ್ಲಿ ಬಾಕಿ ಎಂದು ತೋರಿಸಿದ ಒಂದು ತಂತ್ರಾಂಶವನ್ನು ಕಂಡಿದ್ದೇವೆ. ಹೋಟೆಲಿನಲ್ಲಿ ದುಡಿದು ಊರಿಗೆ ಹಣ ಕಳುಹಿಸುವ ಉಡುಪಿ ಕಡೆಯ ಹಿರಿಯರೊಬ್ಬರು ಅದನ್ನು ಓದಿ, ತಾವು ಬ್ಯಾಂಕಿಗೆ ಹನ್ನೊಂದು ಸಾವಿರ ಕೊಡಬೇಕಾಗಿದೆಯೆಂದು ಗಾಬರಿಗೊಂಡು ಬಂದರು. ತಮ್ಮದೇ ಹಣ ತಮಗೆ ಸಾಲವಾಗಿ ಕಂಡಿತು! ತಪ್ಪು ಅವರದಲ್ಲ. ಬಾಕಿ ಎಂದರೆ ಉಳಿದದ್ದೂ ಹೌದು, ಕೊಡಬೇಕಾದದ್ದೂ ಹೌದು. ಶಿಲ್ಕು ಎಂದಿದ್ದರೆ ಈ ಭಯವೇ ಇರುತ್ತಿರಲಿಲ್ಲ. ಅದೇ ಪರದೆಯಲ್ಲಿ ‘ಖಾತೆಯನ್ನು ಅಳಿಸಿ’ ಎಂಬ ಗುಂಡಿಯೂ ಇತ್ತು. ಅಳಿಯುವುದು ಆ ತಂತ್ರಾಂಶದ ಬಳಕೆದಾರನೆಂಬ ನೋಂದಣಿಯೋ, ಹಣವಿರುವ ಉಳಿತಾಯದ ಖಾತೆಯೋ? ಇಂಗ್ಲಿಷಿನಲ್ಲಿಯೂ ಎರಡಕ್ಕೂ ಅಕೌಂಟ್ ಎಂಬ ಒಂದೇ ಶಬ್ದವಾದುದರಿಂದ ಭಾಷಾಂತರಕಾರನು ಪಟ್ಟಿ ನೋಡಿ ಖಾತೆ ಎಂದು ಹಾಕಿದ. ಪಟ್ಟಿಯಲ್ಲಿ ಅರ್ಥವನ್ನು ಬರೆದಿದ್ದರೆ ಅಲ್ಲಿಯೇ ಎರಡು ನಮೂದು ಬೀಳುತ್ತಿದ್ದವು.

ನಾವು ನಾಲ್ವರು ಕನ್ನಡ ಬಲ್ಲ ಬ್ಯಾಂಕ್ ನೌಕರರು ಭಾನುವಾರಗಳಂದು ಕುಳಿತು ಇಂಥ ನಲವತ್ತು ಶಬ್ದಗಳಿಗೆ ವಿವರಣೆ ಬರೆಯಲು ತೊಡಗಿದ್ದೇವೆ. ನಿಯಮ ಎರಡೇ: ಒಂದು ಅರ್ಥಕ್ಕೆ ಒಂದೇ ಶಬ್ದ, ವಿವರಣೆಯನ್ನು ಓದಿದವನು ಇನ್ನೊಂದು ಕಠಿಣ ಶಬ್ದವನ್ನು ಹುಡುಕಿಕೊಂಡು ಹೋಗುವಂತಿರಬಾರದು. ಇದುವರೆಗೆ ಇಪ್ಪತ್ತಾರು ಮುಗಿದಿವೆ. ಶಿಲ್ಕು ಎಂಬುದಕ್ಕೆ ‘ಈ ಹೊತ್ತಿನಲ್ಲಿ ಖಾತೆಯಲ್ಲಿರುವ, ಗಿರಾಕಿಗೆ ಸೇರಿದ ಹಣ’ ಎಂದು ಬರೆದೆವು. ಬರೆದ ಮೇಲೆ ಒಬ್ಬರು, ಜಮಾ ಆಗಿಯೂ ಇನ್ನೂ ವಸೂಲಾಗದ ಚೆಕ್ಕಿನ ಹಣ ಇದರಲ್ಲಿ ಸೇರಿತೋ ಇಲ್ಲವೋ ಎಂದು ಕೇಳಿದರು. ಸೇರುವ ಶಿಲ್ಕೊಂದು, ಸೇರದ ಶಿಲ್ಕೊಂದು ಎಂದು ಎರಡು ಹೆಸರು ಬೇಕಾಗಿದೆ. ಬಾಗಲಕೋಟೆಯವರು ಒಂದು ಶಬ್ದವನ್ನೂ ಮಂಗಳೂರಿನವರು ಇನ್ನೊಂದನ್ನೂ ಹೇಳುತ್ತಿದ್ದಾರೆ. ಹಳೆಯ ಕಿರ್ದಿ ಪುಸ್ತಕಗಳನ್ನು ಕಂಡ ಹಿರಿಯರು ಸಂಘದಲ್ಲಿ ಇದ್ದರೆ, ವಸೂಲಾಗದ ಹುಂಡಿಯ ಹಣವನ್ನು ತಮ್ಮ ಅಂಗಡಿಯಲ್ಲಿ ಏನೆಂದು ಬರೆಯುತ್ತಿದ್ದರೆಂಬುದನ್ನು ನಮಗೆ ತಿಳಿಸಬೇಕೆಂದು ಕೋರುತ್ತೇವೆ.