ಅರಳುಮರಳಿನವರು ಮ್ಯೂಸಿಯಂಗೆ ಹೋದ ಕಥೆ

'ಅರವತ್ತಕ್ಕೆ ಅರಳುಮರಳು' ಅನ್ನೋದು ನಮ್ಮ ಕಳಸದ ಕಡೆ ಬೈಗುಳ ಅಲ್ಲ, ಒಂಥರಾ ರಿಯಾಯಿತಿ. ಉಂಡಿದ್ದನ್ನ ಮರೆತು ಅಜ್ಜ ಮತ್ತೆ ತಟ್ಟೆ ಮುಂದೆ ಕೂತರೆ, ಸತ್ತುಹೋದ ತಂಗಿ ಎಲ್ಲಿ ಅಂತ ಅಜ್ಜಿ ಕೇಳಿದರೆ, 'ಬಿಡು, ಅರಳುಮರಳು' ಅಂದುಬಿಟ್ಟರೆ ಮಾತು ಮುಗೀತು. ಬೇಂದ್ರೆಯವರಂತೂ ಅರವತ್ತರ ಆಸುಪಾಸಿನಲ್ಲಿ ತಮ್ಮ ಸಂಕಲನಕ್ಕೇ 'ಅರಳು ಮರಳು' ಅಂತ ಹೆಸರಿಟ್ಟು, ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅರಳೋದು, ಮತ್ತೆ ಮರಳೋದು, ಎರಡೂ ಆ ಪದದೊಳಗೇ ಇದೆ ಅಂತ ಕಂಡಿದ್ದು ಅವರಿಗೇ.

ಈ ರಿಯಾಯಿತಿಯ ತೊಂದರೆ ಏನಂದ್ರೆ, ಅದು ಕಾಯಿಲೆ ಅಂತ ಯಾರಿಗೂ ಅನ್ನಿಸೋದೇ ಇಲ್ಲ. ಹಳ್ಳಿಯವರ ತಿಳಿವಳಿಕೆ ಅಷ್ಟೇ ಅಂತ ನನ್ನ ಆಫೀಸಿನವರು ಹೇಳ್ತಾರೆ. ಆದರೆ ಇತಿಹಾಸ ತೆಗೆದು ನೋಡಿದರೆ ದೊಡ್ಡ ದೊಡ್ಡ ಡಾಕ್ಟರುಗಳೂ ಬಹಳ ಕಾಲ ನಮ್ಮೂರಿನವರ ಹಾಗೇ ಯೋಚಿಸ್ತಿದ್ದರು.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗಸ್ಟ್ ಡೀಟರ್ ಅನ್ನೋ ಹೆಂಗಸನ್ನ ಸೇರಿಸಿದರು. ವಯಸ್ಸು 51. ಆಕೆಯನ್ನ ನೋಡಿಕೊಂಡ ಡಾಕ್ಟರು ಅಲೋಯಿಸ್ ಆಲ್‌ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನ ಪರೀಕ್ಷೆ ಮಾಡಿ, ಅದೇ ನವೆಂಬರಿನಲ್ಲಿ ಟ್ಯೂಬಿಂಗನ್‌ನ ಒಂದು ಸಭೆಯಲ್ಲಿ ಕಂಡದ್ದನ್ನ ವಿವರಿಸಿದರು. ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್‌ಝೈಮರ್ ಹೆಸರಿಟ್ಟರು. ಆದರೆ ಆ ಹೆಸರು ನಡುವಯಸ್ಸಿನವರಿಗೆ ಮಾತ್ರ. ಎಪ್ಪತ್ತೋ ಎಂಬತ್ತೋ ಆದವರಿಗೆ ಮರೆವು ಬಂದರೆ ಅದು ಮುಪ್ಪು, ಅಷ್ಟೆ. 1976ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಅನ್ನೋ ಅಮೆರಿಕದ ನರರೋಗ ತಜ್ಞರು ಒಂದು ಪುಟ್ಟ ಸಂಪಾದಕೀಯ ಬರೆದು, ಎರಡೂ ಒಂದೇ ಕಾಯಿಲೆ, ಇದು ಸಾವಿನ ದೊಡ್ಡ ಕಾರಣಗಳಲ್ಲೊಂದು ಅಂತ ವಾದಿಸಿದ ಮೇಲೇ ಗಾಳಿ ತಿರುಗಿದ್ದು. ಅಂದ್ರೆ ಅರಳುಮರಳು ಕಾಯಿಲೆಯಾಗಿ ಐವತ್ತು ವರ್ಷ ಆಗಿದೆ, ಅಷ್ಟೇ.

ನಮ್ಮ ದೇಶದಲ್ಲಿ ಈ ಕಾಯಿಲೆಯವರ ಮನೆಮಂದಿಗಾಗಿ ಸಂಘ ಶುರುವಾಗಿದ್ದು 1992ರಲ್ಲಿ, ಕೇರಳದಲ್ಲಿ, ಡಾ. ಜೇಕಬ್ ರಾಯ್ ಅವರಿಂದ. 2023ರಲ್ಲಿ ಬಂದ ದೇಶವ್ಯಾಪಿ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ ಡಿಮೆನ್ಷಿಯಾ ಇದೆ, ಒಟ್ಟು ಸುಮಾರು 88 ಲಕ್ಷ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. 2016ರಲ್ಲಿ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಂದಾಗ ಅನಂತ್ ನಾಗ್ ಬೆಂಗಳೂರಿನ ಬೀದಿಯಲ್ಲಿ ಕಳೆದುಹೋಗಿದ್ದನ್ನ ನೋಡಿ ಎಲ್ಲರೂ ಕಣ್ಣೊರೆಸಿಕೊಂಡ್ವಿ. ಕಾಫಿ ತೋಟದಲ್ಲಿ ಸಂಜೆ ಆರೂವರೆಗೆ, ಆಷಾಢದ ಮಳೆಯಲ್ಲಿ, ಜಿಗಣೆ ನಡುವೆ ಕಳೆದುಹೋದವರ ಸಿನಿಮಾ ಇನ್ನೂ ಯಾರಾದರೂ ತೆಗೀಬೇಕು.

ಮರೆವಿಗೂ ಒಂದು ಕ್ರಮ ಇದೆ. 1881ರಷ್ಟು ಹಿಂದೆಯೇ ಫ್ರಾನ್ಸಿನ ತೆಯೊದ್ಯೂಲ್ ರಿಬೋ ಅದನ್ನ ಬರೆದಿಟ್ಟಿದ್ದರು: ಹೊಸ ನೆನಪು ಮೊದಲು ಹೋಗುತ್ತೆ, ಹಳೇದು ಕೊನೆಗೆ. ನನ್ನ ಕಸುಬಿನವರಿಗೆ ಇದು ಚೆನ್ನಾಗಿ ಗೊತ್ತು. ಸ್ಟ್ಯಾಕಿನಲ್ಲಿ ಕೊನೆಗೆ ಇಟ್ಟಿದ್ದೇ ಮೊದಲು ಹೊರಗೆ ಬರೋದು. ಹಾಗಾಗಿ ಬೆಳಗ್ಗೆ ತಿಂದ ಅಕ್ಕಿರೊಟ್ಟಿ ಇಲ್ಲ, ಹದಿನಾರನೇ ವಯಸ್ಸಿನಲ್ಲಿ ದಾಟಿದ ಹೊಳೆ ಇದೆ.

ಇನ್ನು ಮ್ಯೂಸಿಯಂ ವಿಷಯ. 2006ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನವರು (ಎಲ್ಲರೂ 'ಮೋಮಾ' ಅಂತಾರೆ) ಒಂದು ಹೊಸ ಕೆಲಸ ಶುರು ಮಾಡಿದರು. ಆಗ ಮಂಗಳವಾರ ಮ್ಯೂಸಿಯಂಗೆ ರಜೆ ಇರ್ತಿತ್ತು. ತಿಂಗಳಿಗೊಂದು ರಜೆಯ ದಿನ ಬಾಗಿಲು ತೆಗೆದು, ಡಿಮೆನ್ಷಿಯಾ ಇದ್ದವರನ್ನೂ ಅವರನ್ನ ನೋಡಿಕೊಳ್ಳೋ ಮನೆಯವರನ್ನೂ ಒಟ್ಟಿಗೇ ಕರೆದರು. ಗದ್ದಲ ಇಲ್ಲ, ನೂಕುನುಗ್ಗಲಿಲ್ಲ. ಸಣ್ಣ ಗುಂಪು, ನಾಲ್ಕೈದು ಚಿತ್ರ, ಒಂದೂವರೆ ಗಂಟೆ, ಅಷ್ಟೇ. ಅಲ್ಲಿನ ಮಾರ್ಗದರ್ಶಿಗಳು ಚಿತ್ರದ ಮುಂದೆ ಕೂರಿಸಿ 'ಏನು ಕಾಣ್ತಿದೆ?' ಅಂತ ಕೇಳ್ತಾರೆ. 'ಇದು ಯಾರು ಬರೆದಿದ್ದು, ನೆನಪಿದ್ಯಾ?' ಅಂತ ಕೇಳಲ್ಲ.

ಇಡೀ ಕಾರ್ಯಕ್ರಮದ ಜೀವ ಇರೋದು ಈ ಒಂದು ವ್ಯತ್ಯಾಸದಲ್ಲಿ ಅಂತ ನನಗನ್ನಿಸುತ್ತೆ. ನಮ್ಮಲ್ಲಿ ಮನೆಗೆ ಬಂದ ನೆಂಟರೆಲ್ಲ ಮೊದಲು ಮಾಡೋ ಕೆಲಸ ಅಜ್ಜಿ ಮುಂದೆ ಕುಕ್ಕರಗಾಲಲ್ಲಿ ಕೂತು 'ನಾನ್ಯಾರು ಹೇಳಿ ನೋಡೋಣ?' ಅನ್ನೋದು. ಪ್ರೀತಿಯಿಂದಲೇ ಕೇಳ್ತಾರೆ. ಆದರೆ ಅದು ಪರೀಕ್ಷೆ, ಅದರಲ್ಲಿ ದಿನಾ ಫೇಲಾಗೋದು ಅಜ್ಜಿ. ಚಿತ್ರದಲ್ಲಿ ಏನು ಕಾಣುತ್ತೆ ಅನ್ನೋದಕ್ಕೆ ತಪ್ಪು ಉತ್ತರವೇ ಇಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೇರಿ ಮಿಟಲ್‌ಮನ್ ಮತ್ತವರ ಜೊತೆಯವರು ಈ ಭೇಟಿಗಳನ್ನ ಅಧ್ಯಯನ ಮಾಡಿದಾಗ ಕಾಯಿಲೆಯವರ ಮನಸ್ಸು ಮಾತ್ರ ಅಲ್ಲ, ಜೊತೆಗೆ ಬಂದವರ ಮನಸ್ಸೂ ಹಗುರಾಗಿತ್ತು. ಕಾಯಿಲೆ ವಾಸಿಯಾಯ್ತು ಅಂತ ಯಾರೂ ಹೇಳಿಲ್ಲ, ಹೇಳೋ ಹಾಗೂ ಇಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲೂ ಇಂಥದ್ದೇ ಶುರುವಾಯಿತು.

ಆದರೆ ನನಗೆ ಹತ್ತಿರ ಅನ್ನಿಸಿದ್ದು ಡೆನ್ಮಾರ್ಕಿನದು. ಆರ್ಹುಸ್ ನಗರದಲ್ಲಿ 'ಡೆನ್ ಗಾಮ್ಲೆ ಬ್ಯು', ಅಂದರೆ ಹಳೇ ಪಟ್ಟಣ, ಅನ್ನೋ ಬಯಲು ಮ್ಯೂಸಿಯಂ ಇದೆ. ಅಲ್ಲಿ 1950ರ ದಶಕದ ಒಂದು ಮನೆಯನ್ನ ಹಾಗೇ ಕಟ್ಟಿಟ್ಟಿದ್ದಾರೆ: ಆಗಿನ ಒಲೆ, ಆಗಿನ ಪಾತ್ರೆ. ಡಿಮೆನ್ಷಿಯಾ ಇದ್ದವರನ್ನ ಅಲ್ಲಿ ಕೂರಿಸಿ ಹಳೇ ರೀತಿಯಲ್ಲೇ ಕಾಫಿ ಮಾಡಿ ಕೊಡ್ತಾರೆ. ಆ ಊರಿನ ವಿಶ್ವವಿದ್ಯಾಲಯದ ಡೋರ್ತೆ ಬರ್ನ್ಟ್‌ಸನ್ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಮೂಲಿ ಜಾಗಕ್ಕಿಂತ ಆ ಮನೆಯಲ್ಲಿ ಹಳೇ ನೆನಪು ಹೆಚ್ಚು ಬಂದವು, ಅದೂ ಯಾರೂ ಕೆದಕದೆ ತಾವಾಗಿ ಬಂದವು. ಡೆನ್ಮಾರ್ಕಿನಲ್ಲಿ ಕಾಫಿ ಬೆಳೆಯಲ್ಲ. ನಾವು ಬೆಳೀತೀವಿ.

ಇದನ್ನೆಲ್ಲ ಓದೋ ಮುಂಚೆಯೇ ನಮ್ಮನೇಲಿ ಒಂದು ಸಂಗತಿ ನಡೆದಿತ್ತು. ಅಜ್ಜಿಗೆ ಮರೆವು ಬಂದು ಆಗ ನಾಲ್ಕು ವರ್ಷ. ಸ್ನಾನ, ಊಟ, ರಾತ್ರಿ ಎದ್ದು ಬಾಗಿಲ ಚಿಲಕ ನೋಡೋದು ಎಲ್ಲಾ ಅಮ್ಮನದೇ. ಅಜ್ಜಿ ಅಮ್ಮನನ್ನ ಕೆಲಸದವಳು ಅಂದುಕೊಂಡಿದ್ದರು, ಸಂಬಳ ಕೊಟ್ಟಾಯ್ತಾ ಅಂತ ಅಪ್ಪನನ್ನ ಕೇಳೋರು. ಅಮ್ಮ ಮದುವೆ ಮುಂಜಿಗೂ ಹೋಗದೆ ಕೂತಿದ್ದಳು. ಹರಕೆ ತೀರಿಸೋಕೆ ಅಂತ ಒಂದು ಡಿಸೆಂಬರಿನಲ್ಲಿ ಎಲ್ಲರೂ ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋದ್ವಿ. ದರ್ಶನ ಆದಮೇಲೆ ನಮ್ಮ ಕಡೆಯವರು ಮಂಜೂಷಾ ವಸ್ತುಸಂಗ್ರಹಾಲಯ ನೋಡದೆ ಬರೋದು ಕಮ್ಮಿ. ದೀಪ, ಕ್ಯಾಮೆರಾ, ತಾಳೆಗರಿ ಎಲ್ಲಾ ದಾಟಿ ಅಜ್ಜಿ ಒಂದು ಗೋಡೆ ಗಡಿಯಾರದ ಮುಂದೆ ನಿಂತುಬಿಟ್ಟರು.

"ಇದಕ್ಕೆ ಭಾನುವಾರ ಕೀ ಕೊಡ್ಬೇಕು. ಅವ್ರು ಬಿಟ್ರೆ ಯಾರೂ ಮುಟ್ಟಂಗಿಲ್ಲ" ಅಂದರು. ಆಮೇಲೆ ಅಮ್ಮನ ಕೈ ಹಿಡಿದು ಸಣ್ಣ ದನಿಯಲ್ಲಿ, "ಅಣ್ಣ ಬಂದಿದ್ದ. ಬೆಳಗ್ಗೆ ಬಸ್ಸಿಗೆ ಹೊರಡ್ತೀನಿ ಅಂದ. ರಾತ್ರಿ ಎದ್ದು ಮುಳ್ಳು ಅರ್ಧ ಗಂಟೆ ಹಿಂದಕ್ಕೆ ಇಟ್ಟೆ. ಬಸ್ಸು ಹೋಗೇಬಿಡ್ತು. ಇನ್ನೊಂದಿನ ಉಳ್ಕೊಂಡ."

"ಮಾವನವರಿಗೆ ಗೊತ್ತಾಯ್ತಾ ಅತ್ತೆ?" ಅಂದಳು ಅಮ್ಮ.

"ನೀ ಹೇಳ್ಬೇಡ ಮತ್ತೆ."

ಅಮ್ಮ ಜೋರಾಗಿ ನಕ್ಕಳು. ಮೂವತ್ತೈದು ವರ್ಷ ಒಂದೇ ಮನೇಲಿ ಬಾಳಿದ ಅತ್ತೆ ಬಗ್ಗೆ ಅಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಆವತ್ತು ರಾತ್ರಿ ಮನೆಗೆ ಬಂದಮೇಲೆ ಅಜ್ಜಿ ಮತ್ತೆ 'ಇವಳಿಗೆ ಸಂಬಳ ಕೊಟ್ಟಾಯ್ತಾ' ಅಂದರು. ಗಡಿಯಾರದ ಕಥೆಯನ್ನ ಮಾತ್ರ ಅಮ್ಮ ಈಗಲೂ ನೆಂಟರಿಗೆಲ್ಲ ಹೇಳ್ತಾಳೆ. ನ್ಯೂಯಾರ್ಕಿನವರು ಅಳೆದದ್ದು ಇದನ್ನೇ ಇರಬೇಕು.

ನಮ್ಮ ಗುಡ್ಡಗಳಲ್ಲಿ ಇಂಥ ಜಾಗಕ್ಕೇನೂ ಬರವಿಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ಮ್ಯೂಸಿಯಂ ಇದೆ. ಐವತ್ತು ವರ್ಷ ಹಣ್ಣು ಕೊಯ್ದು, ಕಣದಲ್ಲಿ ಬೀಜ ಕಾಲಾಡಿಸಿದವರಿಗೆ ಅಲ್ಲಿ ಹೇಳೋಕೆ ಗೈಡಿಗಿಂತ ಜಾಸ್ತಿ ಇರುತ್ತೆ. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನ ಇದೆ. ತೇಜಸ್ವಿಯವರು ತೆಗೆದ ಹಕ್ಕಿ ಫೋಟೋ ಮುಂದೆ ಮೂಡಿಗೆರೆಯ ಯಾವ ಮುದುಕರನ್ನಾದರೂ ನಿಲ್ಲಿಸಿ, 'ಏನು ಕಾಣ್ತಿದೆ?' ಅಂತ ಕೇಳಿ ನೋಡಿ. ಬೇಕಾಗಿರೋದು ಜನ ಕಮ್ಮಿ ಇರೋ ಒಂದು ವಾರದ ದಿನ, ನಾಲ್ಕು ಕುರ್ಚಿ, ಹತ್ತಿರದಲ್ಲೇ ಒಂದು ಶೌಚಾಲಯ, ಮೆಟ್ಟಿಲಿಲ್ಲದ ದಾರಿ. ಕೊನೇದು ಕಷ್ಟ. ಒಂದು ಕಡೆ (ಯಾವುದು ಅಂತ ಬೇಡ) ಅಜ್ಜಿ ಗಾಜಿನ ಪೆಟ್ಟಿಗೆ ಮುಟ್ಟಿದರು ಅಂತ ಕಾವಲಿನವನು ಸೀಟಿ ಊದಿದ್ದ. ಅವನನ್ನ ಬೈದು ಪ್ರಯೋಜನ ಇಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಇನ್ನು ಮಳೆಗಾಲದ ಮೂರು ತಿಂಗಳು ಎಲ್ಲೂ ಹೋಗೋ ಹಾಗಿಲ್ಲ. ಕರೆಂಟು ಹೋಗಿ ಮಧ್ಯಾಹ್ನವೇ ಕತ್ತಲೆ ಕವಿದರೆ ಅಜ್ಜಿಗೆ ಸಂಜೆಯ ಗಾಬರಿ ಮೂರು ಗಂಟೆಗೇ ಶುರು. ಆಗ ಮ್ಯೂಸಿಯಂ ಅಂದರೆ ನಮ್ಮ ಅಟ್ಟವೇ. ಅದೂ ಈಗ ಬಹಳ ಮನೆಗಳಲ್ಲಿ ಖಾಲಿ. ಹಿತ್ತಾಳೆ ಹಂಡೆ, ಭತ್ತದ ಕೊಳಗ, ಮರದ ಮರಿಗೆ ಎಲ್ಲಾ ಗುಜರಿಯವನ ಕೈದಾಟಿ ಹೋಂಸ್ಟೇಗಳ ಜಗಲಿ ಸೇರಿವೆ. ಬೆಂಗಳೂರಿನಿಂದ ಬಂದವರು ಅದರ ಮುಂದೆ ಸೆಲ್ಫಿ ತಗೋತಾರೆ. ನಮ್ಮನೆ ಗಡಿಯಾರವೂ ಹಾಗೇ ಹೋಯ್ತು.

ಅಟ್ಟದಲ್ಲಿ ಉಳಿದಿದ್ದು ಹಿಡಿಕೆ ತಿರುಗಿಸಿ ಕಾಫಿಬೀಜ ಹುರಿಯೋ ಒಂದು ಕಬ್ಬಿಣದ ಡಬ್ಬ. ಹೋದ ಜುಲೈನಲ್ಲಿ ಅಮ್ಮ ಅದನ್ನ ಇಳಿಸಿ, ಒಲೆ ಮೇಲಿಟ್ಟು, ಅಜ್ಜಿಯನ್ನ ಪಕ್ಕದಲ್ಲಿ ಕೂರಿಸಿದಳು. ಹೇಳಿಕೊಡಬೇಕಾಗಲಿಲ್ಲ. ಘಮ ಏಳೋ ಹೊತ್ತಿಗೆ ಅಜ್ಜಿ ಕೈ ನಿಲ್ಲಿಸದೆ ತಿರುಗಿಸ್ತಾ, ಇವತ್ತು ಆಳು ಎಷ್ಟು ಜನ ಅಂತ ಕೇಳಿದರು. ಹದಿನೆಂಟು ಅಂದಳು ಅಮ್ಮ. ಹಾಗಾದರೆ ಇಷ್ಟು ಸಾಲದು ಅಂತ ಅಜ್ಜಿ ಮತ್ತೊಂದು ಸೇರು ಹಾಕಿಸಿಕೊಂಡರು. ಅರ್ಧ ಬೀಜ ಕರಟಿ ಹೋಗಿತ್ತು. ಆ ಪುಡಿ ಮುಗಿಯೋವರೆಗೂ, ಹತ್ತಿರ ಹತ್ತಿರ ಒಂದು ತಿಂಗಳು, ಮನೆಯವರೆಲ್ಲ ಅದೇ ಕಾಫಿ ಕುಡಿದ್ವಿ.