ರಾಸೇ ದ್ವೀಪದ ಒಂದು ಕುಣಿತದ ಮಟ್ಟು

ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ, ಸ್ಕೈ ದ್ವೀಪಕ್ಕೂ ಮುಖ್ಯಭೂಮಿಗೂ ನಡುವೆ, ರಾಸೇ ಎಂಬ ಕಿರುದ್ವೀಪವುಂಟು. ಅದರ ಉದ್ದವು ಸುಮಾರು 14 ಮೈಲು. ಕಲ್ಲುನೆಲ, ಮಳೆ, ಕಡಲಗಾಳಿ ಇವೇ ಅದರ ಐಶ್ವರ್ಯ. ಆದರೂ ಈ ದ್ವೀಪದ ಒಡತಿಯೊಬ್ಬಳ ಹೆಸರನ್ನು ಹೊತ್ತ ಪಿಟೀಲಿನ ಮಟ್ಟೊಂದು ಕಡಲುಗಳನ್ನು ದಾಟಿ ಬದುಕಿರುವುದು. ‘ರಾಸೇಯ ಮಿಸೆಸ್ ಮೆಕ್ಲೌಡ್’ ಎಂಬುದೇ ಆ ಮಟ್ಟು.

ಇದು ‘ರೀಲ್’ ಎಂಬ ಜಾತಿಗೆ ಸೇರಿದುದು. ಕುಣಿಯುವವರು ಒಮ್ಮೆ ನಿಂತಲ್ಲಿಯೇ ಹೆಜ್ಜೆ ಹಾಕುವರು. ಮರುಕ್ಷಣ ಒಬ್ಬರನ್ನೊಬ್ಬರು ಬಳಸಿ ಹೆಣೆದಂತೆ ಸುತ್ತುವರು. ಮಟ್ಟಿಗೆ ಎರಡು ಭಾಗಗಳು. ಅವನ್ನು ಮರಳಿ ಮರಳಿ ನುಡಿಸಬೇಕು. ಪಿಟೀಲುಗಾರನು ರಾಗವನ್ನು ವಿಸ್ತರಿಸುವುದಿಲ್ಲ, ಕಾಲುಗಳನ್ನು ನಡೆಸುತ್ತಾನೆ. ಅವನ ಕಮಾನು ತಡವರಿಸಿದರೆ ಸಭೆಯೇ ತಡವರಿಸುವುದು.

1745ರ ದಂಗೆಯಲ್ಲಿ ರಾಸೇಯವರು ರಾಜಕುಮಾರ ಚಾರ್ಲ್ಸನ ಪಕ್ಷವನ್ನು ಹಿಡಿದರು. ಮರುವರ್ಷ ಸರಕಾರದ ಸೈನ್ಯವು ಬಂದು ದ್ವೀಪದ ಮನೆಗಳನ್ನು ಸುಟ್ಟಿತು. ಒಡೆಯನ ಮನೆಯೂ ಉಳಿಯಲಿಲ್ಲ. ಆ ಬೂದಿಯ ಮೇಲೆ ಎದ್ದ ಹೊಸ ಮನೆಗೆ 1773ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ಜಾನ್ಸನನೂ ಬಾಸ್ವೆಲನೂ ಅತಿಥಿಗಳಾಗಿ ಬಂದರು. ಸಂಜೆಯಾಗುತ್ತಲೇ ಜಮಖಾನೆಯನ್ನು ಸುತ್ತಿ ತೆಗೆದರು, ವಾದ್ಯಗಾರನನ್ನು ಕರೆಸಿದರು, ಮನೆಯ ಹತ್ತು ಮಂದಿ ಹೆಣ್ಣುಮಕ್ಕಳ ಉಲ್ಲಾಸವನ್ನು ಕಂಡು ಆ ಗಂಭೀರ ಪಂಡಿತನೂ ಮೆಚ್ಚಿದನು. ಬಾಸ್ವೆಲನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಡನ್ ಕಾನ್ ಎಂಬ ಬೆಟ್ಟದ ನೆತ್ತಿಯನ್ನೇರಿ, ಊಟ ಪಾನಗಳನ್ನು ಮುಗಿಸಿ, ಪಿಟೀಲಿಲ್ಲದೆ ಸಂಗಡಿಗರ ಬಾಯಿಹಾಡಿಗೇ ರೀಲ್ ಕುಣಿದನು!

ನಮ್ಮ ಮಟ್ಟು ಮುದ್ರಣವನ್ನು ಕಂಡದ್ದು 1809ರಲ್ಲಿ. ಪ್ರಸಿದ್ಧ ಪಿಟೀಲುಗಾರ ನೀಲ್ ಗೌನ ಮಗನಾದ ನಥೇನಿಯಲ್ ಗೌ ಎಡಿನ್‌ಬರೋ ನಗರದಲ್ಲಿ ಹೊರತಂದ ಐದನೆಯ ಸಂಗ್ರಹದಲ್ಲಿ ಅದು ಸೇರಿತು. ಇದು ಸ್ಕೈ ದ್ವೀಪದ ಮೂಲ ರೀಲ್ ಎಂದೂ ಮಿಸ್ಟರ್ ಮೆಕ್ಲೌಡ್ ಎಂಬಾತನಿಂದ ದೊರೆತುದೆಂದೂ ಅಲ್ಲಿ ಸೂಚಿಸಿದೆ. ಕಟ್ಟಿದವನ ಹೆಸರಿಲ್ಲ, ಒಡತಿಯ ಹೆಸರು ಉಳಿಯಿತು. ಲೋಕದಲ್ಲಿ ಇದೇನೂ ಹೊಸತಲ್ಲ.

ಈ ಮನೆತನಕ್ಕೂ ಹಿಂದೂಸ್ಥಾನಕ್ಕೂ ನಂಟುಂಟು. ಆ ಹತ್ತು ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಫ್ಲೋರಾಳ ಮಗಳೇ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಮಾರ್ಕ್ವಿಸನ ಪತ್ನಿ. ಅವನ ಆಳ್ವಿಕೆಯಲ್ಲಿಯೇ, 1818ರಲ್ಲಿ, ಪೇಶವೆಯ ರಾಜ್ಯವು ಮುಗಿದು ಧಾರವಾಡದ ಸೀಮೆಯು ಕಂಪನಿಗೆ ಸೇರಿತು. ಅದೇ ಬಳಗದ ಎಲಿಜಬೆತ್ ರಾಸ್ ಎಂಬ ತರುಣಿಯು 1812ರಲ್ಲಿ ರಾಸೇಯಲ್ಲಿದ್ದುಕೊಂಡು ಅಲ್ಲಿಯ ಮಟ್ಟುಗಳನ್ನು ಸ್ವಹಸ್ತದಿಂದ ಬರೆದಿಟ್ಟಳು. ಬಳಿಕ ಕಲಕತ್ತೆಗೆ ಬಂದು, 1815ರಲ್ಲಿ ಚಿತ್ರಕಾರನಾದ ಚಾರ್ಲ್ಸ್ ಡಾಯ್ಲಿಯನ್ನು ವಿವಾಹವಾದಳು. ಆಕೆಯ ಹಸ್ತಪ್ರತಿ ಇಂದಿಗೂ ಇದೆ. ಆ ತರುಣಿಯು ಬರೆಯದಿದ್ದರೆ ಆ ಮನೆಯ ಸಂಗೀತದಲ್ಲಿ ಎಷ್ಟೋ ಪಾಲು ಗಾಳಿಯ ಪಾಲಾಗುತ್ತಿತ್ತು.

ಮನೆಯಾದರೋ ಉಳಿಯಲಿಲ್ಲ. ಸಾಲವು ತಲೆಗೇರಿ ಕೊನೆಯ ಮೆಕ್ಲೌಡ್ ಒಡೆಯನು 1843ರಲ್ಲಿ ದ್ವೀಪವನ್ನು ಕಳೆದುಕೊಂಡು ಆಸ್ಟ್ರೇಲಿಯಕ್ಕೆ ಹೋದನು. ಡೆಮೆರಾರದ ವ್ಯಾಪಾರದಲ್ಲಿ ಹಣ ಗಳಿಸಿದ್ದ ಜಾರ್ಜ್ ರೇನಿ ಎಂಬವನು 1846ರಲ್ಲಿ ಅದನ್ನು ಕೊಂಡನು. ಕುರಿಗಳಿಗೆ ಹುಲ್ಲು ಬೇಕಾಗಿತ್ತು, ಮನುಷ್ಯರು ಅಡ್ಡವಾಗಿದ್ದರು. 1850ರ ದಶಕದಲ್ಲಿ ಹಾಲಿಗ್ ಮೊದಲಾದ ಹಳ್ಳಿಗಳು ಬರಿದಾದುವು. ಕೆಲವರು ಹಡಗನ್ನೇರಿದರು, ಉಳಿದವರನ್ನು ಉತ್ತರದ ಬಂಡೆನೆಲಕ್ಕೆ ತಳ್ಳಿದರು. ರೇನಿಯ ಕಾಲದಲ್ಲಿ ತರುಣರ ಮದುವೆಗೂ ತಡೆಯಿತ್ತೆಂದು 1883ರಲ್ಲಿ ನೇಪಿಯರ್ ಆಯೋಗದ ಮುಂದೆ ದ್ವೀಪದವರೇ ಸಾಕ್ಷ್ಯ ನುಡಿದರು. ಮದುವೆಯಿಲ್ಲದ ಊರಿನಲ್ಲಿ ಕುಣಿತವೆಲ್ಲಿಯದು? ಮುಂದೆ ಅಲ್ಲಿ ಬಲಗೊಂಡ ಕಟ್ಟುನಿಟ್ಟಿನ ಕ್ರೈಸ್ತಪಂಥಕ್ಕೂ ಪಿಟೀಲಿನ ವಿನೋದವು ಹಿಡಿಸಲಿಲ್ಲ. ಹಾಳುಬಿದ್ದ ಹಾಲಿಗ್, 1911ರಲ್ಲಿ ರಾಸೇಯಲ್ಲಿ ಹುಟ್ಟಿದ ಗೇಲಿಕ್ ಕವಿ ಸೋರ್ಲಿ ಮೆಕ್ಲೇನನ ಕವಿತೆಯೊಂದಕ್ಕೆ ಹೆಸರಾಯಿತು.

ಮಟ್ಟು ಮಾತ್ರ ಅಷ್ಟರಲ್ಲಿಯೇ ದ್ವೀಪವನ್ನು ಬಿಟ್ಟು ಹೊರಟಿತ್ತು. ಐರ್ಲೆಂಡಿನಲ್ಲಿ ಮಿಸೆಸ್ ಹೋಗಿ ‘ಮಿಸ್ ಮೆಕ್ಲೌಡ್’ ಆಯಿತು. ಅಮೆರಿಕೆಯಲ್ಲಿ ಒಡತಿಯ ಹೆಸರೇ ಕಳಚಿ ‘ಹಾಪ್ ಹೈ ಲೇಡೀಸ್’ ಎಂದಾಯಿತು. ಅಲ್ಲಿ ಅಂಕಲ್ ಜೋ ಎಂಬವನೊಬ್ಬನ ಹೆಸರಿನ ಹಾಸ್ಯದ ಹಾಡೂ ಅದಕ್ಕೆ ಅಂಟಿಕೊಂಡಿತು. ಅಲ್ಲಿಯವರು ಅದನ್ನು ಬ್ಯಾಂಜೋ ವಾದ್ಯದ ಮೇಲೂ ನುಡಿಸುತ್ತಾರೆ.